ಸೋಯಾ ಅವರೆ ಹಿಟ್ಟಿಗೆ ಔಷಧಿಯ ಹೆಸರು ಬೇಡ

ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳ ರೈತ ಬಾಂಧವರಿಗೆ ಸೋಯಾ ಅವರೆ ಹೊಸ ಬೆಳೆಯೇನಲ್ಲ. ಅದರ ಹಿಟ್ಟನ್ನು ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರು ಹಾರ್ಮೋನು ಮಾತ್ರೆಯ ಬದಲು ಸೇವಿಸಬಹುದು, ಗಿಡದಿಂದ ಬಂದದ್ದಾದ್ದರಿಂದ ಏನೂ ಅಪಾಯವಿಲ್ಲ ಎಂಬ ಮಾತು ಈಗ ಕೇಳಿಬರುತ್ತಿದೆ. ಈ ಮಾತನ್ನು ಪೂರ್ತಿ ನಂಬುವಂತಿಲ್ಲ.

ಸೋಯಾ ಅವರೆಯಲ್ಲಿರುವ ಜೆನಿಸ್ಟೀನ್, ಡೈಡ್ಜೀನ್ ಎಂಬ ಐಸೋಫ್ಲೇವೋನುಗಳು ಹೆಂಗಸರ ಅಂಡಾಶಯದಲ್ಲಿ ಉತ್ಪತ್ತಿಯಾಗುವ ಈಸ್ಟ್ರೊಜೆನ್ ಹಾರ್ಮೋನನ್ನು ರಚನೆಯಲ್ಲಿ ಹೋಲುತ್ತವೆ. ಶಕ್ತಿ ಮಾತ್ರ ಅದಕ್ಕಿಂತ ಬಹಳ ಕಡಿಮೆ. ಕಡಿಮೆ ಎಂದ ಮಾತ್ರಕ್ಕೆ ಅಲಕ್ಷ್ಯ ಮಾಡುವಂತಿಲ್ಲ ಎಂಬುದು ಕುರಿ ಸಾಕುವವರಿಗೆ ಬೇಗ ತಿಳಿದೀತು. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಕ್ಲೋವರ್ ಎಂಬ ದ್ವಿದಳ ಮೇವನ್ನು ಮೇಯ್ದ ಕುರಿಗಳು ಗಬ್ಬ ಕಟ್ಟದಾದವು. ಕಟ್ಟಿದವು ಮರಿ ಹಾಕಲು ತಿಣುಕಿದವು. ಕೆಲವಕ್ಕೆ ಗರ್ಭಕೋಶವೇ ಹೊರಬಂತು. ಬೀಜ ಒಡೆದ ಗಂಡು ಕುರಿಗಳಲ್ಲೂ ಹಾಲು ಕಾಣಿಸಿತು! ಮೇವಿನಲ್ಲಿದ್ದ ಫಾರ್ಮೊನೊನೆಟಿನ್ ಎಂಬ ಐಸೋಫ್ಲೇವೋನು ಕುರಿಯ ಹೊಟ್ಟೆಯ ಸೂಕ್ಷ್ಮಾಣುಗಳಿಂದ ಈಕ್ವಾಲ್ ಎಂಬ ವಸ್ತುವಾಗಿ ಮಾರ್ಪಟ್ಟು ಈ ಕೆಲಸ ಮಾಡುತ್ತಿತ್ತು. ಆ ಅಂಶ ಕಡಿಮೆಯಿರುವ ತಳಿಗಳು ಬಂದ ಮೇಲೆ ಹಾವಳಿ ಇಳಿಯಿತು. ಮನುಷ್ಯರು ಹೊಲಕ್ಕೆ ಹೊಲವನ್ನೇ ಮೇಯುವುದಿಲ್ಲ, ನಿಜ. ಸೋಯಾದ ಡೈಡ್ಜೀನನ್ನು ಈಕ್ವಾಲ್ ಆಗಿಸುವ ಸೂಕ್ಷ್ಮಾಣುಗಳು ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ಆದ್ದರಿಂದ ಅದೇ ಹಿಟ್ಟು ಅತ್ತೆಯ ಮೈಯಲ್ಲಿ ಒಂದು ರೀತಿ, ನೆರೆಮನೆಯಾಕೆಯ ಮೈಯಲ್ಲಿ ಇನ್ನೊಂದು ರೀತಿ ವರ್ತಿಸಬಹುದು.

ಎರಡು ಹಾರ್ಮೋನುಗಳ ಜೋಡಿ ಮಾತ್ರೆಯಿಂದ ಸ್ತನದ ಕ್ಯಾನ್ಸರ್, ಪಾರ್ಶ್ವವಾಯುಗಳ ಸಂಭವ ಹೆಚ್ಚುವುದೆಂದು ಕಂಡು ಅಮೆರಿಕದ ದೊಡ್ಡ ಪ್ರಯೋಗವೊಂದನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಅಂದಿನಿಂದ ಸಸ್ಯಮೂಲದ ವಸ್ತುಗಳ ಕಡೆ ಒಲವು ಬೆಳೆಯಿತು. ಐಸೋಫ್ಲೇವೋನುಗಳಿಂದ ಮೈ ಬಿಸಿಯೇರಿ ಬೆವರುವುದು ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ತಗ್ಗಿದೆ, ಕೆಲವುಗಳಲ್ಲಿ ತಗ್ಗಿಲ್ಲ. ಹಾರ್ಮೋನು ಮಾತ್ರೆಯ ಜಾಗದಲ್ಲಿ ಕೂರಿಸಲು ಇಷ್ಟು ಸಾಲದು.

ಇನ್ನು ಅಳತೆಯ ಪ್ರಶ್ನೆ. ತಳಿ, ಹವಾಮಾನ, ಸಂಸ್ಕರಣೆಗಳಿಗೆ ತಕ್ಕಂತೆ ಈ ಅಂಶ ಏರಿಳಿಯುತ್ತದೆ. ಎಣ್ಣೆಗೆ ಅದು ಬರುವುದೇ ಇಲ್ಲವೆನ್ನಬಹುದು, ಹಿಂಡಿಯಲ್ಲೇ ಉಳಿಯುತ್ತದೆ. ಮದ್ಯಸಾರದಲ್ಲಿ ತೊಳೆದ ಪ್ರೋಟೀನಿನಲ್ಲಿ ಬಹುಪಾಲು ಹೋಗಿಬಿಡುತ್ತದೆ. ಎಷ್ಟಿದೆಯೆಂದು ಅಳೆಯದೆ ಹಿಟ್ಟನ್ನು ಔಷಧಿಯೆಂದು ಮಾರುವುದು ಕೀಟನಾಶಕವನ್ನು ಅಂದಾಜಿನಲ್ಲಿ ಸುರಿದು ಸಿಂಪಡಿಸಿದಂತೆಯೇ ಸರಿ.

ನೂರರಲ್ಲಿ ಸುಮಾರು 40 ಪಾಲು ಪ್ರೋಟೀನು, 20 ಪಾಲು ಎಣ್ಣೆ ಇರುವ ಕಾಳು ಇದು. ಚೆನ್ನಾಗಿ ಬೇಯಿಸಿಯೋ ಹುರಿದೋ ಬಳಸಲಿ. ಹಸಿಯದು ಸರಿಯಾಗಿ ಜೀರ್ಣವಾಗದು. ಹಿಟ್ಟು ಮಾರುವ ಮಹಿಳಾ ಸಂಘಗಳು ಆಹಾರವೆಂದೇ ಮಾರಲಿ, ಅದಕ್ಕೇ ಒಳ್ಳೆಯ ಬೆಲೆ ಕೇಳಲಿ. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಐಸೋಫ್ಲೇವೋನು ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಯಾವ ಪುಡಿಯನ್ನೂ ಹುಡುಕದೆ, ನಾಚದೆ, ಕೂಡಲೇ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಬೇಕು.