ಎರಡು ವರ್ಷಗಳ ಅನ್ನ

ಪದವಿ ಪರೀಕ್ಷೆಯ ಫಲಿತಾಂಶ ಬಂದು, ಸ್ನಾತಕೋತ್ತರ ಪ್ರವೇಶದ ಅಧಿಸೂಚನೆ ಹೊರಟೊಡನೆ, ಧಾರವಾಡದ ಪಾವಟೆ ನಗರದ ಏರನ್ನು ಹತ್ತಿ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗಗಳ ಬಾಗಿಲಲ್ಲಿ ಬಂದು ನಿಲ್ಲುವ ತರುಣ ತರುಣಿಯರ ಬಾಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ದೊರೆಯುವ ಸೀಟು ಸಾಮಾನ್ಯ ಶುಲ್ಕದ್ದೋ ಹೆಚ್ಚುವರಿ ಶುಲ್ಕದ್ದೋ ಎಂಬುದಾಗಿರುತ್ತದೆ. ಒಂದೇ ಕೊಠಡಿಯಲ್ಲಿ, ಒಬ್ಬರೇ ಗುರುಗಳ ಮುಂದೆ, ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪಾಠವನ್ನು ಕೇಳುವ ಇಬ್ಬರು ಸಹಪಾಠಿಗಳಲ್ಲಿ ಕೆಲವೇ ಅಂಕಗಳ ಅಂತರದಿಂದ ಹಿಂದೆ ಬಿದ್ದವನು ಹಲವು ಪಟ್ಟು ಹೆಚ್ಚು ಹಣವನ್ನು ತೆರಬೇಕಾಗಿ ಬರುವ ಈ ವ್ಯವಸ್ಥೆ ನ್ಯಾಯಸಮ್ಮತವಾದುದಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಆದರೂ ಸ್ನಾತಕೋತ್ತರ ವಿದ್ಯೆಯ ವೆಚ್ಚವನ್ನು ಕುರಿತ ನಮ್ಮ ಸಾರ್ವಜನಿಕ ಚರ್ಚೆಯೆಲ್ಲವೂ ಶುಲ್ಕದ ಚಲನ್ನಿನಿಂದ ತೊಡಗಿ ಅದರಲ್ಲಿಯೇ ಪರ್ಯವಸಾನಗೊಳ್ಳುತ್ತಿರುವುದು ನನಗೆ ಅದಕ್ಕಿಂತಲೂ ಮಿಗಿಲಾದ ಚಿಂತೆಯ ವಿಷಯವಾಗಿದೆ.

ಏಕೆಂದರೆ ಶುಲ್ಕವು ಆ ವೆಚ್ಚದ ಕಿರಿಯ ಭಾಗ. ನವಲಗುಂದದ ಎರೆಭೂಮಿಯಲ್ಲಿ ಮಳೆಯನ್ನೇ ನಂಬಿ ಕಡಲೆ, ಹೆಸರು, ಹತ್ತಿಗಳನ್ನು ಬೆಳೆಯುವ ಒಕ್ಕಲುತನದ ಮನೆಯೊಂದರಿಂದ ಹಿರಿಯ ಮಗನೋ ಮಗಳೋ ಎಂ.ಎ. ಓದುವುದಕ್ಕೆಂದು ಹೊರಟರೆ, ಸಪ್ತಾಪುರದಲ್ಲಿಯೋ ಮಾಳಮಡ್ಡಿಯಲ್ಲಿಯೋ ಇಬ್ಬರು ಮೂವರು ಕೂಡಿ ಹಿಡಿದ ರೂಮಿನ ಬಾಡಿಗೆ, ಮುಂಗಡ, ಖಾನಾವಳಿಯ ತಿಂಗಳ ಲೆಕ್ಕ, ಪುಸ್ತಕ, ಜೆರಾಕ್ಸು, ಪರೀಕ್ಷಾ ಶುಲ್ಕ, ಹಬ್ಬಕ್ಕೆ ಊರಿಗೆ ಹೋಗಿಬರುವ ಖರ್ಚು ಇವೆಲ್ಲ ಒಂದೊಂದಾಗಿ ಬಂದು ಸೇರುತ್ತವೆ. ಊರಿನಿಂದ ತಾಯಿ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ ಬಸ್ಸಿನಲ್ಲಿ ಬಂದು ಖಾನಾವಳಿಯ ಲೆಕ್ಕವನ್ನು ಒಂದಿಷ್ಟು ತಗ್ಗಿಸಬಹುದು. ಇವೆಲ್ಲಕ್ಕಿಂತಲೂ ಭಾರವಾದ, ಯಾವ ರಸೀದಿಯಲ್ಲಿಯೂ ಕಾಣಿಸದ ಮತ್ತೊಂದು ವೆಚ್ಚವಿದೆ. ಪದವೀಧರನಾದ ಆ ಹುಡುಗ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿಯೋ, ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿಯೋ, ಊರ ಹತ್ತಿರದ ಖಾಸಗಿ ಶಾಲೆಯಲ್ಲಿಯೋ ದುಡಿದು ಮನೆಗೆ ಕೊಡಬಹುದಾಗಿದ್ದ ಎರಡು ವರ್ಷಗಳ ಸಂಬಳ. ಬಡವರ ಮನೆಯಲ್ಲಿ ಎಂ.ಎ. ಎಂಬ ಮಾತು ಬಂದಾಗ ತಂದೆ ತಾಯಿಗಳು ನಿಡುಸುಯ್ಯುವುದು ಈ ಕಾರಣದಿಂದ.

ಈ ಸತ್ಯವನ್ನು ನಮ್ಮ ಹಿಂದಿನವರು ನಮಗಿಂತ ಚೆನ್ನಾಗಿ ಅರಿತಿದ್ದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಗುವವರೆಗೆ ಈ ಸೀಮೆಯ ಹುಡುಗನಿಗೆ ಉಚ್ಚ ಶಿಕ್ಷಣವೆಂದರೆ ಪುಣೆ, ಇಲ್ಲವೆ ಮುಂಬಯಿ. ಅಲ್ಲಿಯ ಭಾಷೆ ಬೇರೆ, ಊಟ ಬೇರೆ, ಖರ್ಚು ಮನೆತನದ ಶಕ್ತಿಗೆ ಮೀರಿದುದು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದ ಹಿರಿಯರು ಊರೂರು ಸುತ್ತಿ ಜನರಿಂದ ನಿಧಿಯನ್ನು ಕೂಡಿಸಿದ ಮೇಲೆಯೇ ಆ ಕಾಲೇಜು ಹುಟ್ಟಿತು. ರೈಲ್ವೆ ಕಂಪನಿಯ ಹಳೆಯ ಕಚೇರಿಯೇ ಅದಕ್ಕೆ ಮನೆಯಾಯಿತು. ಅದಕ್ಕಿಂತ ಹನ್ನೊಂದು ವರ್ಷ ಮುಂಚೆ, 1906ರಲ್ಲಿ, ನವಲಗುಂದ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಸಮಸ್ತ ಆಸ್ತಿಯನ್ನು ವಿದ್ಯಾರ್ಥಿಗಳ ನೆರವಿಗಾಗಿ ಮೃತ್ಯುಪತ್ರದ ಮೂಲಕ ಬಿಟ್ಟುಹೋದರು. ನಾಲ್ವತ್ತೈದು ವರ್ಷದ ಆಯುಷ್ಯದಲ್ಲಿ ಅವರು ಮಾಡಿದ ಆ ಒಂದು ನಿರ್ಧಾರದಿಂದ ತಲೆಮಾರುಗಳ ಮಕ್ಕಳು ದೂರದ ಊರುಗಳಲ್ಲಿ ಓದಿದರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಧನವಿಲ್ಲದವರೂ ಈ ಕಾರ್ಯದಲ್ಲಿ ಹಿಂದೆ ಉಳಿಯಲಿಲ್ಲ. ವಾರದ ಏಳು ದಿನಗಳನ್ನು ಏಳು ಮನೆಗಳಿಗೆ ಹಂಚಿ, ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರು ಆ ಕಾಲದ ಧಾರವಾಡದಲ್ಲಿ ವಿರಳರಾಗಿರಲಿಲ್ಲ. ಧಾರವಾಡದ ಮುರುಘಾಮಠವೂ ಹುಬ್ಬಳ್ಳಿಯ ಮೂರುಸಾವಿರ ಮಠವೂ ತಮ್ಮ ಪ್ರಸಾದ ನಿಲಯಗಳಲ್ಲಿ ಹಳ್ಳಿಯ ಮಕ್ಕಳಿಗೆ ಊಟ ವಸತಿಗಳನ್ನು ಕೊಟ್ಟು ಓದಿಸಿದವು. ಈ ದಾನಕ್ಕೆ ಜಾತಿಯ ಮಿತಿಗಳು ಅನೇಕ ಕಡೆ ಇದ್ದುವೆಂಬುದನ್ನು, ಎಷ್ಟೋ ಮಕ್ಕಳಿಗೆ ಆ ಏಳು ಮನೆಗಳ ಬಾಗಿಲು ತೆರೆಯಲೇ ಇಲ್ಲವೆಂಬುದನ್ನು ನಾವು ಮರೆಯಲಾಗದು. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ಪ್ರಜಾಪ್ರಭುತ್ವದ ಸರಕಾರವು ವಿದ್ಯಾರ್ಥಿನಿಲಯಗಳನ್ನೂ ವಿದ್ಯಾರ್ಥಿವೇತನಗಳನ್ನೂ ಕೈಗೆತ್ತಿಕೊಂಡಿತು. ಆದರೆ ಓದುವ ಹುಡುಗನ ಮೊದಲ ಅಗತ್ಯ ಇಂದಿನ ಊಟವೆಂಬುದನ್ನೂ, ಅದನ್ನು ಮುಂದಿನ ವರ್ಷ ಕೊಟ್ಟರೆ ಪ್ರಯೋಜನವಿಲ್ಲವೆಂಬುದನ್ನೂ ಆ ಮಠಗಳೂ ಮನೆಗಳೂ ಬಲ್ಲವಾಗಿದ್ದವು.

1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವನ್ನು 1954ರಿಂದ 1967ರವರೆಗೆ ಕುಲಪತಿಗಳಾಗಿ ಕಟ್ಟಿ ಬೆಳೆಸಿದ ಡಿ.ಸಿ. ಪಾವಟೆಯವರು ಗೋಕಾಕ ತಾಲೂಕಿನ ಮಮದಾಪುರವೆಂಬ ಹಳ್ಳಿಯಲ್ಲಿ ಜನಿಸಿ, ಕೇಂಬ್ರಿಜ್ಜಿನವರೆಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಎನಿಸಿಕೊಂಡು ಬಂದವರು. ತಮ್ಮಂತಹ ಹಳ್ಳಿಯ ಮಕ್ಕಳು ಎಂ.ಎ., ಎಂ.ಎಸ್‌ಸಿ.ಗಾಗಿ ಪರಪ್ರಾಂತಕ್ಕೆ ಹೋಗದೆ ಮನೆಯಿಂದ ಒಂದು ಹಗಲಿನ ಪ್ರಯಾಣದೊಳಗೆ ಓದುವಂತಾಗಬೇಕೆಂಬುದೇ ಈ ವಿಶ್ವವಿದ್ಯಾಲಯದ ಹುಟ್ಟಿನ ಉದ್ದೇಶ. ಇಂದು ಅದು, ನಿವೃತ್ತರ ಪಿಂಚಣಿಯಂತಹ ಹೊಣೆಗಳ ಒಂದು ಪಾಲನ್ನು ತನ್ನ ಆಂತರಿಕ ಸಂಪನ್ಮೂಲದಿಂದಲೇ ನಿರ್ವಹಿಸಬೇಕಾದ ಸಂಕಟಕ್ಕೆ ಸಿಲುಕಿ, ಆ ಸಂಪನ್ಮೂಲವನ್ನು ವಿದ್ಯಾರ್ಥಿಗಳ ಶುಲ್ಕದಲ್ಲಿಯೇ ಹುಡುಕುತ್ತಿದೆ. ದೋಷವನ್ನು ಆಡಳಿತದವರ ಮೇಲೆ ಮಾತ್ರ ಹೊರಿಸುವುದು ಸರಿಯಾಗದು. ಅನುದಾನವನ್ನು ಕುಗ್ಗಿಸಿದವರೂ ಉತ್ತರ ಹೇಳಬೇಕು.

ಸರಕಾರದ ನೆರವುಗಳು ಇಲ್ಲವೆಂದಲ್ಲ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಎಂದು ಆರಂಭವಾದ ವಿದ್ಯಾಸಿರಿ, 2021ರಲ್ಲಿ ರೈತರ ಮಕ್ಕಳಿಗೆಂದು ಪ್ರಾರಂಭವಾಗಿ ಸ್ನಾತಕೋತ್ತರ ತರಗತಿಯ ಹುಡುಗನಿಗೆ ವರ್ಷಕ್ಕೆ 10,000, ಹುಡುಗಿಗೆ 11,000 ರೂಪಾಯಿ ಎಂದು ಗೊತ್ತುಪಡಿಸಿದ ರೈತ ವಿದ್ಯಾನಿಧಿ, ಪರಿಶಿಷ್ಟರ ಮತ್ತು ಹಿಂದುಳಿದವರ ಶುಲ್ಕ ಮರುಪಾವತಿ, ಇವೆಲ್ಲವೂ ಅಭಿನಂದನೀಯವಾದವು. ಆದರೆ ಇವುಗಳಲ್ಲಿ ಅನೇಕವು, ಮೊದಲು ಕಟ್ಟು, ಆಮೇಲೆ ಪಡೆ ಎಂಬ ಕ್ರಮವನ್ನು ಅನುಸರಿಸುತ್ತವೆ. ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿಯನ್ನು ತುಂಬಿ, ಆಧಾರ್ ಜೋಡಿಸಿ, ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ತಿರುಗಿ, ಕಾಲೇಜಿನ ದೃಢೀಕರಣವನ್ನು ಕಾದು ಕುಳಿತ ವಿದ್ಯಾರ್ಥಿಯ ಖಾತೆಗೆ ಹಣ ಬರುವ ವೇಳೆಗೆ ಸೆಮಿಸ್ಟರು ಮುಗಿದಿರುತ್ತದೆ, ಕೆಲವೊಮ್ಮೆ ವರ್ಷವೇ ಮುಗಿದಿರುತ್ತದೆ. ಪ್ರವೇಶದ ದಿನದ ಹಣಕ್ಕಾಗಿ ಮನೆಯವರು ತಾಯಿಯ ಕೊರಳಿನ ಬಂಗಾರವನ್ನು ಒತ್ತೆಯಿಡುತ್ತಾರೆ, ಪರಿಚಯದವರಲ್ಲಿ ಕೈಗಡ ತರುತ್ತಾರೆ, ಅದೂ ಆಗದಿದ್ದರೆ ಬಡ್ಡಿಗೆ ಸಾಲ ಎತ್ತುತ್ತಾರೆ. ತಡವಾಗಿ ಬಂದ ವಿದ್ಯಾರ್ಥಿವೇತನದ ಒಂದು ಭಾಗ ಆ ಬಡ್ಡಿಗೇ ಸಂದುಹೋಗುತ್ತದೆ.

ಇನ್ನು ಒಂದು ವಿಪರ್ಯಾಸವನ್ನು ನಾಡಿನ ಆಡಳಿತಗಾರರ ಮುಂದೆ ವಿನಯಪೂರ್ವಕವಾಗಿ ಇಡಬಯಸುತ್ತೇನೆ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ಯೋಜನೆಯು ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಭತ್ಯೆ ಕೊಡುತ್ತದೆ. ಆದರೆ ಉನ್ನತ ವ್ಯಾಸಂಗಕ್ಕೆ ಸೇರಿದವನು ಅದಕ್ಕೆ ಅರ್ಹನಲ್ಲ. ಆ ಭತ್ಯೆಯ ಅವಧಿಯೂ ಸ್ನಾತಕೋತ್ತರ ಓದಿನ ಅವಧಿಯೂ ಎರಡೇ ವರ್ಷ. ಅದೇ ಮನೆಯ, ಅದೇ ವಯಸ್ಸಿನ ಮಗ ಓದದೆ ಉಳಿದರೆ 72,000 ರೂಪಾಯಿಗಳ ಆಸರೆಗೆ ಪಾತ್ರನಾಗಬಹುದು, ಓದಹೊರಟರೆ ಆ ಆಸರೆ ತಪ್ಪುತ್ತದೆ. ನಿರುದ್ಯೋಗಿಗೆ ಕೊಡುವುದನ್ನು ನಾನು ಎಳ್ಳಷ್ಟೂ ಆಕ್ಷೇಪಿಸುವುದಿಲ್ಲ; ಓದುವವನೂ ಸಂಪಾದನೆಯಿಲ್ಲದ ಪದವೀಧರನೇ ಎಂಬುದನ್ನು ಮಾತ್ರ ಸರಕಾರ ಒಪ್ಪಿಕೊಳ್ಳಬೇಕೆಂದು ಕೇಳುತ್ತೇನೆ. ಕೇಂದ್ರ ಸರಕಾರವು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ರಾಷ್ಟ್ರೀಯ ವಿದ್ಯಾರ್ಥಿವೇತನದ ಮೊತ್ತ ಯೋಗ್ಯವಾದುದು. ಆದರೆ ಇಡೀ ಭರತಖಂಡಕ್ಕೆ ಅದರ ಸಂಖ್ಯೆ 10,000 ಮಾತ್ರ.

ಬ್ಯಾಂಕಿನ ಸಾಲವಿದೆಯಲ್ಲ ಎನ್ನುವವರಿಗೂ ಉತ್ತರ ಹೇಳಬೇಕಾಗಿದೆ. 2009ರಿಂದ ನಡೆದುಬಂದ ಕೇಂದ್ರದ ಬಡ್ಡಿ ಸಹಾಯಧನವು ವೃತ್ತಿಪರ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಮೀಸಲಾದದ್ದು. 2024ರ ಪಿಎಂ ವಿದ್ಯಾಲಕ್ಷ್ಮಿಯೂ ಆಯ್ದ ಸಂಸ್ಥೆಗಳ ಪಟ್ಟಿಗೆ ಸೀಮಿತವಾಗಿದೆ. ಇತಿಹಾಸವನ್ನೋ ಕನ್ನಡವನ್ನೋ ಸಂಸ್ಕೃತವನ್ನೋ ಓದಬಯಸುವವನು ಬ್ಯಾಂಕಿನ ಮೇಜಿನ ಮುಂದೆ ಕುಳಿತಾಗ ಅವನನ್ನು ಕೇಳುವ ಮೊದಲ ಮಾತು, ಮುಂದೆ ಸಂಬಳ ಎಷ್ಟು ಬಂದೀತು ಎಂಬುದೇ. ಆ ಪ್ರಶ್ನೆಗೆ ಪ್ರಾಮಾಣಿಕನಾದ ವಿದ್ಯಾರ್ಥಿ ಏನೆಂದು ಉತ್ತರಿಸಲಿ? ಸಾಲವೇ ಅನಿವಾರ್ಯವಾದರೆ ಅದರ ಸ್ವರೂಪ ಬದಲಾಗಬೇಕು. ಇಂಗ್ಲೆಂಡಿನಲ್ಲಿ 2016ರಿಂದ ಸ್ನಾತಕೋತ್ತರ ಪದವಿಗೆಂದೇ ಸರಕಾರ ಕೊಡುತ್ತಿರುವ ಸಾಲವನ್ನು, ವಾರ್ಷಿಕ ಆದಾಯವು 21,000 ಪೌಂಡನ್ನು ದಾಟಿದ ಮೇಲೆ, ದಾಟಿದ ಭಾಗದ ಶೇಕಡಾ 6ರಂತೆ ತೀರಿಸಿದರೆ ಸಾಕು. ಶಕ್ತಿ ಬಂದಾಗ ತೀರಿಸು, ಬಾರದಿದ್ದರೆ ನಿನ್ನ ಮನೆಯನ್ನು ಹರಾಜಿಗೆ ಹಾಕುವುದಿಲ್ಲ ಎಂಬ ಈ ತತ್ತ್ವ ಶಿರಸಂಗಿಯ ದೇಸಾಯಿಯವರ ಸೀಮೆಗೆ ಪರಕೀಯವೇನೂ ಅಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. 2023ರ ಜೂನಿನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಂದಿನಿಂದ ಗದಗ, ಹಾವೇರಿ, ಕುಂದಗೋಳಗಳ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದು ಓದುವುದು ಅವರಿಗೆ ಸಾಧ್ಯವಾಗಿದೆ. ಬಸ್ಸಿನ ದರವೊಂದು ಇಲ್ಲವಾದುದರಿಂದಲೇ ಎಷ್ಟೋ ತಂದೆಯರು ಒಪ್ಪಿದ್ದಾರೆ. ವೆಚ್ಚದ ಒಂದು ಬಾಬನ್ನು ಮುಂಚಿತವಾಗಿ, ಅರ್ಜಿಯಿಲ್ಲದೆ ತೆಗೆದುಹಾಕಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ಪ್ರಮಾಣ ಬೇಕಿಲ್ಲ. ಮನೆಯಲ್ಲಿ ಇರುವ ಹಣ ಒಬ್ಬರ ಓದಿಗೆ ಮಾತ್ರ ಸಾಲುವಾಗ ಇಂದಿಗೂ ಮಗನೇ ಮುಂದಾಗುತ್ತಾನೆ, ಮಗಳಿಗೆ ವರನನ್ನು ನೋಡತೊಡಗುತ್ತಾರೆ. ಆದುದರಿಂದ ತಡವಾಗಿ ಬರುವ ನೆರವು ಅವಳ ಪಾಲಿಗೆ ಬಾರದ ನೆರವೇ ಆಗುತ್ತದೆ.

ಸ್ನಾತಕೋತ್ತರ ವಿಭಾಗಗಳಲ್ಲಿ ಸೇರಿದವರಲ್ಲಿ ಅನೇಕರು ಪಾಠಕ್ಕಾಗಿ ಬಂದವರಲ್ಲ, ವಿದ್ಯಾರ್ಥಿನಿಲಯದ ಕೋಣೆಗಾಗಿ ಸೇರಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುತ್ತಾರೆ, ಅಂತಹವರಿಗೆ ಸಾರ್ವಜನಿಕ ಹಣವೇಕೆ ಎಂಬ ಆಕ್ಷೇಪವನ್ನು ಗಂಭೀರವಾದ ಜನರೇ ಎತ್ತುತ್ತಾರೆ. ಅದರಲ್ಲಿ ಸತ್ಯಾಂಶವಿದೆಯೆಂದು ಈ ಊರನ್ನು ಬಲ್ಲ ಯಾರಾದರೂ ಒಪ್ಪುವರು. ಆದರೆ ಒಂದು ಕೋಣೆಗಾಗಿ, ಎರಡು ಹೊತ್ತಿನ ಊಟಕ್ಕಾಗಿ ಬೇಡದ ವಿಷಯವೊಂದಕ್ಕೆ ಪ್ರವೇಶ ಪಡೆಯುವಷ್ಟು ನಿರಾಶ್ರಿತರಾದ ಪದವೀಧರರು ನಮ್ಮಲ್ಲಿರುವರೆಂದಾದರೆ, ಅನ್ನ ವಸತಿಗಳೇ ಮೂಲ ಪ್ರಶ್ನೆಯೆಂಬ ನನ್ನ ಮಾತು ಅದರಿಂದ ದೃಢವಾಗುತ್ತದೆ. ಅವರಿಗೂ ನಗರದಲ್ಲಿ ಬೇರೆ ಆಸರೆಯಾದರೆ ವಿಭಾಗಗಳ ಸ್ಥಾನಗಳು ಓದಬಯಸುವವರಿಗೇ ಉಳಿಯುತ್ತವೆ. ಪದವಿಪೂರ್ವ ಕಾಲೇಜಿನ ಉಪನ್ಯಾಸಕನಾಗಬೇಕಾದರೂ ಸ್ನಾತಕೋತ್ತರ ಪದವಿ ಬೇಕೆಂದು ನಿಯಮ ಮಾಡಿರುವುದು ಸರಕಾರವೇ. ನಾಳಿನ ಹಳ್ಳಿಯ ಮಕ್ಕಳಿಗೆ ಪಾಠ ಹೇಳುವವರು ಉಳ್ಳವರ ಮನೆಗಳಿಂದ ಮಾತ್ರ ಬರಬೇಕೆಂದು ಯಾವ ಸರಕಾರವೂ ಬಯಸಲಾರದು.

ಆದುದರಿಂದ ವಿಶ್ವವಿದ್ಯಾಲಯವು ಬರುವ ಪ್ರವೇಶದ ವೇಳೆಗೆ, ಮರುಪಾವತಿಗೆ ಅರ್ಹರಾದ ವಿದ್ಯಾರ್ಥಿಗಳಿಂದ ಪ್ರವೇಶದ ದಿನ ಹಣವನ್ನು ಕೇಳದೆ, ಅದನ್ನು ನೇರವಾಗಿ ಇಲಾಖೆಯಿಂದ ಪಡೆದುಕೊಳ್ಳುವ ವ್ಯವಸ್ಥೆಯನ್ನು ಮಾಡಲಿ. ರಾಜ್ಯ ಸರಕಾರವು ಮುಂದಿನ ಆಯವ್ಯಯದಲ್ಲಿ, ಯುವನಿಧಿಯಷ್ಟೇ ಮೊತ್ತದ ಮಾಸಿಕ ವೇತನವನ್ನು ಬಡ ಕುಟುಂಬಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತಿಂಗಳ ಮೊದಲಲ್ಲಿಯೇ ಕೊಡಲು ಅವಕಾಶ ಕಲ್ಪಿಸಲಿ. ಹೆಚ್ಚುವರಿ ಶುಲ್ಕದ ಸೀಟುಗಳಿಂದ ಬರುವ ಆದಾಯವನ್ನು ಸರಕಾರದ ಅನುದಾನವೇ ತುಂಬಿಕೊಟ್ಟು ಆ ಭೇದವನ್ನು ಕ್ರಮೇಣ ತೊಡೆದುಹಾಕಲಿ. ಪಾವಟೆ ನಗರದಲ್ಲಿ ಓದಿ ಇಂದು ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಸುಖವಾಗಿರುವ ಹಳೆಯ ವಿದ್ಯಾರ್ಥಿಗಳು, ತಮ್ಮ ತಮ್ಮ ವಿಭಾಗದ ಒಬ್ಬ ವಿದ್ಯಾರ್ಥಿಯ ಎರಡು ವರ್ಷದ ಊಟದ ಖರ್ಚನ್ನು ಈ ವರ್ಷದಿಂದಲೇ ಹೊರಬೇಕೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.