ಎರಡೂಮುಕ್ಕಾಲು ಗಂಟೆಯ ಲೆಕ್ಕ

“ದಿಲ್ಲಿ ಏನ್ ಮಹಾ ದೂರ ಮಾರಾಯಾ, ವಿಮಾನ ಹತ್ತಿದ್ರೆ ಎರಡೂಮುಕ್ಕಾಲು ಗಂಟೆ!” ಊರಿಗೆ ಬಂದಾಗಲೆಲ್ಲ ಈ ಮಾತು ಕೇಳಿ ಸಾಕಾಗಿದೆ. ಹೇಳುವ ನಿಮಗೆ ಅದು ಲೋಕಾಭಿರಾಮ. ನಮಗೆ ಆರೋಪ: ಇಷ್ಟು ಹತ್ತಿರ ಇದ್ದೂ ಬರುವುದಿಲ್ಲವಲ್ಲ ಅಂತ.

ಲೆಕ್ಕವನ್ನೇ ನೋಡೋಣ. ದಿಲ್ಲಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 1,700 ಕಿಲೋಮೀಟರು. ಟಿಕೆಟ್ಟಿನ ಮೇಲಿರುವ ಅವಧಿ ವಿಮಾನದ್ದು, ನನ್ನದಲ್ಲ. ಅದು ಒಂದು ಕಡೆ ನಿಂತ ಜಾಗ ಬಿಟ್ಟು ಇನ್ನೊಂದು ಕಡೆ ಹೋಗಿ ನಿಲ್ಲುವವರೆಗಿನ ಲೆಕ್ಕ. ನನ್ನ ಪ್ರಯಾಣ ಶುರುವಾಗುವುದು ಮನೆಗೆ ಬೀಗ ಹಾಕಿದಾಗ. ಎರಡು ತಾಸು ಮೊದಲು ನಿಲ್ದಾಣದಲ್ಲಿರಬೇಕು. ಜನವರಿಯಾದರೆ ಮಂಜು ಕರಗುವ ತನಕ ಅಲ್ಲೇ ಕುಳಿತಿರಬೇಕು. ಬೆಂಗಳೂರಿನ ನಿಲ್ದಾಣವೋ, 2008ರಲ್ಲಿ ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋಯಿತು. ಅಲ್ಲಿಂದ ಮೆಜೆಸ್ಟಿಕ್ಕು, ಮತ್ತೆ ರಾತ್ರಿ ಬಸ್ಸು. ನನ್ನೂರು ಶಿರಸಿ ಕಡೆ, ಅಲ್ಲಿಗಿನ್ನೂ ರೈಲಿಲ್ಲ. 1,700 ಕಿಲೋಮೀಟರು ಹಾರಿ ಬಂದವನು ಉಳಿದ ನಾನೂರು ಕಿಲೋಮೀಟರಿಗೆ ಎಂಟೊಂಬತ್ತು ತಾಸು ಕುಲುಕಾಡುತ್ತೇನೆ. ಹುಬ್ಬಳ್ಳಿಗೇ ವಿಮಾನ ಹಿಡಿಯಬಹುದಲ್ಲ ಅಂತೀರಿ. ಹಿಡಿಯಬಹುದು. ಆದರೆ ಅದು ಹೊರಡುವ ಹೊತ್ತನ್ನು ನಮ್ಮ ಮನೆಯ ಕಷ್ಟ ಕೇಳಿಕೊಂಡು ಯಾರೂ ಇಡುವುದಿಲ್ಲ.

ಗಂಟೆಯ ಜಗಳ ಹೋಗಲಿ. ನನ್ನ ತಕರಾರು ಬೇರೆ. ಹಿಂದೆ ಕರ್ನಾಟಕ ಎಕ್ಸ್‌ಪ್ರೆಸ್ಸೇ ಗತಿಯಾಗಿದ್ದಾಗ ಝಾನ್ಸಿ, ಭೋಪಾಲ, ಸೊಲ್ಲಾಪುರ ದಾಟಿ ಸುಮಾರು 2,400 ಕಿಲೋಮೀಟರು, ಎರಡು ರಾತ್ರಿ. ಆ ದೂರಕ್ಕೆ ಒಂದು ಮರ್ಯಾದೆ ಇತ್ತು. ಅಪ್ಪ ಹೋದ ಅಂತ ತಂತಿ ಬಂದರೆ, ದಿಲ್ಲಿಯ ಮಗ ಬೂದಿ ಆರಿದ ಮೇಲೇ ಮುಟ್ಟುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಅವನು ಹನ್ನೊಂದನೆಯ ದಿನಕ್ಕೆ ಬಂದರೂ ಯಾರೂ ಮುಖ ತಿರುಗಿಸುತ್ತಿರಲಿಲ್ಲ. ಈಗ ಹೆಣವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ತಾಸಿಗೊಮ್ಮೆ ಫೋನು: “ಹೊರಟ್ಯಾ? ಎಲ್ಲಿದ್ದೀ?” ತಡವಾದರೆ ಹನ್ನೆರಡು ದಿನವೂ ಅದೇ ಮಾತು.

ದಿಲ್ಲಿಯಲ್ಲಿರುವ ಕನ್ನಡಿಗರೆಲ್ಲ ದೊಡ್ಡ ಹುದ್ದೆಯವರಲ್ಲ ಸ್ವಾಮಿ. ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹುಯ್ಯುವವರಿದ್ದಾರೆ, ಸಣ್ಣ ಕಂಪನಿಯ ಗುಮಾಸ್ತರಿದ್ದಾರೆ. ಸಾವಿನ ದಿನ ಕೊಳ್ಳುವ ಟಿಕೆಟ್ಟು ತಿಂಗಳ ಮೊದಲು ಕೊಂಡದ್ದರ ದುಪ್ಪಟ್ಟೋ ಮುಪ್ಪಟ್ಟೋ ಆಗಿರುತ್ತದೆ; ಹೆಂಡತಿ ಮಕ್ಕಳನ್ನೂ ಕರಕೊಂಡು ಹೊರಟರೆ ಒಂದು ತಿಂಗಳ ಸಂಬಳವೇ ಖಾಲಿ. ರಜೆ ಕೊಡುವ ಮಾಲೀಕನಿಗೂ ನಿಮ್ಮದೇ ಲೆಕ್ಕ: ಎರಡೂಮುಕ್ಕಾಲು ಗಂಟೆ ತಾನೆ, ನಾಳೆ ಹೋಗಿ ನಾಡಿದ್ದು ಬಾ!

ಅದೇ ಬೆಂಗಳೂರಲ್ಲಿರುವ ಮಗ ಹಬ್ಬಕ್ಕೆ ಬರದಿದ್ದರೆ ನೀವೇ ಅವನ ಪರ ಮಾತಾಡುತ್ತೀರಿ. ಪಾಪ, ಟ್ರಾಫಿಕ್ಕು, ಬಸ್ಸಲ್ಲಿ ಸೀಟಿಲ್ಲ, ಆಫೀಸಲ್ಲಿ ಕೆಲಸ ಅಂತ. ಅವನ ನಾನೂರು ಕಿಲೋಮೀಟರನ್ನು ಬಸ್ಸಿನಲ್ಲಿ ಅಳೆಯುತ್ತೀರಿ. ನಮ್ಮದನ್ನು ಮಾತ್ರ ವಿಮಾನದಲ್ಲಿ.