ದನ ಮೇಯ್ದ ಹೂವು, ಬೆಂಕಿ ಬಿಟ್ಟುಕೊಟ್ಟ ರೀಲು

ಸಿನಿಮಾ ತೆಗೆಯಲು ಹೋದವರ ಹೂದೋಟವನ್ನೇ ದನಗಳು ತಿಂದುಹಾಕಿದ ಕಥೆ ಗೊತ್ತೇ ಮಕ್ಕಳೇ? ಕಟ್ಟುಕಥೆಯಲ್ಲ, ನಿಜವಾಗಿ ನಡೆದದ್ದು.

1952ರ ಅಕ್ಟೋಬರ್. ಕಲ್ಕತ್ತದ ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದ ಸತ್ಯಜಿತ್ ರಾಯ್, ಗೆಳೆಯರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಊರಾಚೆಯ ಬಯಲಿಗೆ ಹೋದರು. ಅಲ್ಲಿ ಆಳೆತ್ತರದ ಕಾಶ ಹುಲ್ಲು, ಅದರ ತುಂಬ ಬಿಳಿ ಗರಿಯಂಥ ಹೂವು. ಅಕ್ಕ ದುರ್ಗಾ, ತಮ್ಮ ಅಪು ಆ ಹೂಗಳ ನಡುವೆ ಓಡಿ ರೈಲು ನೋಡಬೇಕು. ಅರ್ಧ ದೃಶ್ಯ ಮುಗಿಯಿತು. ಉಳಿದದ್ದಕ್ಕೆ ಮುಂದಿನ ವಾರ ಹೋಗಿ ನೋಡಿದರೆ ಹೂವೇ ಇಲ್ಲ! ದನಗಳು ಬಂದು ಚೆನ್ನಾಗಿ ಮೇಯ್ದು ಹೋಗಿದ್ದವು. ಇನ್ನೇನು ಮಾಡುವುದು? ಮರುವರ್ಷ ಹೂ ಬಿಡುವವರೆಗೆ ಕಾದರು.

ಆ ಚಿತ್ರವೇ ‘ಪಥೇರ್ ಪಾಂಚಾಲಿ’, ರಾಯ್ ಅವರ ಮೊದಲ ಸಿನಿಮಾ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯ ಕಥೆ. ಮಕ್ಕಳಿಗಾಗಿ ಬಂದ ಅದರ ಕಿರುರೂಪಕ್ಕೆ ರಾಯ್ ಮೊದಲೇ ಚಿತ್ರ ಬರೆದಿದ್ದರು. ಆಗಲೇ ಆ ಕಥೆ ಅವರ ಮನಸ್ಸಿನಲ್ಲಿ ಮನೆಮಾಡಿತ್ತು.

ಮನಸ್ಸಿತ್ತು, ದುಡ್ಡಿರಲಿಲ್ಲ. ಕೆಲಸ ಬಿಡುವಂತಿಲ್ಲ, ರಜೆಯ ದಿನಗಳಲ್ಲೇ ಚಿತ್ರೀಕರಣ. ವಿಮಾ ಪಾಲಿಸಿಯ ಮೇಲೆ ಸಾಲ ಎತ್ತಿದರು, ಪ್ರೀತಿಯಿಂದ ಕೂಡಿಟ್ಟ ಗ್ರಾಮಫೋನ್ ರೆಕಾರ್ಡುಗಳನ್ನು ಮಾರಿದರು. ಹೆಂಡತಿ ಬಿಜೊಯಾ ಒಡವೆ ಅಡವಿಡಲು ಕೊಟ್ಟರು. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಇಪ್ಪತ್ತರ ಆಸುಪಾಸಿನ ಹುಡುಗ. ಅದಕ್ಕೂ ಮೊದಲು ಅವರು ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ.

ದುಡ್ಡು ಮುಗಿದಾಗ ತಿಂಗಳುಗಟ್ಟಲೆ ಕೆಲಸ ನಿಲ್ಲುತ್ತಿತ್ತು. ಮಿಠಾಯಿ ಮಾರುವವನ ಹಿಂದೆ ಅಪು, ದುರ್ಗಾ ಮತ್ತು ಒಂದು ನಾಯಿ ಹೋಗುವ ದೃಶ್ಯವಿದೆ. ಅದು ಅರ್ಧವಾಗಿದ್ದಾಗ ಮಿಠಾಯಿಯವನ ಪಾತ್ರ ಮಾಡಿದವರು ತೀರಿಕೊಂಡರು. ಅವರಂಥದೇ ಮೈಕಟ್ಟಿನ ಇನ್ನೊಬ್ಬರನ್ನು ಹುಡುಕಿ, ಬೆನ್ನು ಮಾತ್ರ ತೋರಿಸಿದರು. ಅಪುವಿನ ಮನೆಯ ನಾಯಿ ಭುಲೊ ಕೂಡ ನಡುವೆ ಸತ್ತುಹೋಯಿತು. ಅದನ್ನೇ ಹೋಲುವ ಇನ್ನೊಂದು ನಾಯಿ ಬಂತು. ಇದನ್ನೆಲ್ಲ ರಾಯ್ ಅವರೇ ಮುಂದೆ ಮಕ್ಕಳಿಗಾಗಿ ಬರೆದರು.

ಕೊನೆಗೆ ಕೈಹಿಡಿದದ್ದು ಪಶ್ಚಿಮ ಬಂಗಾಳ ಸರ್ಕಾರ. ಹೆಸರಿನ ಅರ್ಥ ‘ದಾರಿಯ ಹಾಡು’ ಅಲ್ಲವೇ? ಹಾಗಾಗಿ ಹಣವನ್ನು ರಸ್ತೆ ಅಭಿವೃದ್ಧಿಯ ಲೆಕ್ಕಕ್ಕೆ ಬರೆದರಂತೆ! 1955ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಚಿತ್ರದ ಮೊದಲ ಪ್ರದರ್ಶನ. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ. ಜಗತ್ತೇ ಆ ಪುಟ್ಟ ಹಳ್ಳಿಯ ಕಡೆ ತಿರುಗಿ ನೋಡಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ರಾಯ್ ತೀರಿಕೊಂಡ ಮರುವರ್ಷ, 1993ರಲ್ಲಿ, ಲಂಡನ್ನಿನ ಫಿಲ್ಮ್ ಲ್ಯಾಬೊರೇಟರಿಯೊಂದಕ್ಕೆ ಬೆಂಕಿ ಬಿತ್ತು. ಈ ಚಿತ್ರದ ಮೂಲ ನೆಗೆಟಿವ್ ಅಲ್ಲೇ ಇತ್ತು. ರೀಲುಗಳು ಸುಟ್ಟು, ಸುರುಟಿ, ಒಂದಕ್ಕೊಂದು ಅಂಟಿಕೊಂಡವು. ಇದು ಹೋಯಿತು ಎಂದು ಕಸಕ್ಕೆ ಎಸೆಯಬಹುದಿತ್ತು. ಯಾರೂ ಎಸೆಯಲಿಲ್ಲ. ಅಮೆರಿಕದ ಆಸ್ಕರ್ ಅಕಾಡೆಮಿ ಆ ಚೂರುಗಳನ್ನು ಹಾಗೆಯೇ ಜೋಪಾನ ಮಾಡಿತು.

ಇಪ್ಪತ್ತು ವರ್ಷಗಳ ಬಳಿಕ ಕ್ರೈಟೀರಿಯನ್ ಸಂಸ್ಥೆ ಅಕಾಡೆಮಿಯ ಜೊತೆ ಸೇರಿ ಅವನ್ನು ಇಟಲಿಯ ಬೊಲೋನ್ಯ ನಗರದ ಕುಶಲಿಗಳ ಕೈಗಿಟ್ಟಿತು. ಒಣಗಿ ಗರಿಗರಿಯಾಗಿದ್ದ ಫಿಲ್ಮಿಗೆ ಅವರು ರಾಸಾಯನಿಕದಿಂದ ತೇವ ಕೊಟ್ಟರು, ಅಂಟು ಬಿಡಿಸಿದರು, ಹರಿದ ಅಂಚಿನ ತೂತುಗಳನ್ನು ಕೈಯಿಂದಲೇ ಮತ್ತೆ ಕಟ್ಟಿದರು. ಕೈಕೆಲಸವೇ ಸುಮಾರು 1000 ಗಂಟೆ! ‘ಪಥೇರ್ ಪಾಂಚಾಲಿ’ಯ ನೆಗೆಟಿವ್‌ನಲ್ಲಿ ಶೇಕಡ 40ರಷ್ಟು ಬಳಕೆಗೆ ಬಂತು. ಉಳಿದದ್ದನ್ನು ಬೇರೆ ಸಂಗ್ರಹಗಳಲ್ಲಿದ್ದ ಪ್ರತಿಗಳಿಂದ ತುಂಬಿದರು. 2015ರ ಮೇನಲ್ಲಿ, ಸರಿಯಾಗಿ 60 ವರ್ಷಗಳ ನಂತರ, ಅದೇ ನ್ಯೂಯಾರ್ಕ್ ಮ್ಯೂಸಿಯಂನಲ್ಲಿ ಚಿತ್ರ ಮತ್ತೆ ಬೆಳಗಿತು. ಅದೇ ನವೆಂಬರಿನಲ್ಲಿ ಮುಂದಿನ ಎರಡು ಭಾಗಗಳಾದ ‘ಅಪರಾಜಿತೊ’, ‘ಅಪುರ್ ಸಂಸಾರ್’ ಜೊತೆ ಸೇರಿ ಡಿವಿಡಿ, ಬ್ಲೂ-ರೇ ಆಗಿ ಮನೆಗಳಿಗೆ ಬಂತು.

ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಚಿತ್ರ ಕಪ್ಪು-ಬಿಳುಪು, ನಿಧಾನ. ಸಾವೂ ಇದೆ. ಹಾಗಾಗಿ ಪುಟ್ಟ ಮಕ್ಕಳನ್ನು ಒಂಟಿಯಾಗಿ ಕೂರಿಸಬೇಡಿ, ಜೊತೆಗೆ ನೋಡಿ. ಮಾತು ಬಂಗಾಳಿ, ಕೆಳಗೆ ಬರುವ ಸಾಲು ಇಂಗ್ಲಿಷ್. ಅಜ್ಜಿಗೆ ಅರ್ಥವಾಗದಿದ್ದರೆ ಮೊಮ್ಮಕ್ಕಳು ಹೇಳಿಕೊಡಲಿ. ಹಲವು ಕಡೆ ಅದೂ ಬೇಕಾಗುವುದಿಲ್ಲ. ಹಣ್ಣು ಕದ್ದು ತಂದು ಮುದುಕಿಗೆ ಕೊಡುವ ದುರ್ಗಾಳ ಮುಖ ನೋಡಿದರೆ ಸಾಕು.

ಮಕ್ಕಳೇ, ಕಾಶದ ಬಯಲು ಬಂದಾಗ ಸ್ವಲ್ಪ ಗಮನವಿಟ್ಟು ನೋಡಿ. ಹೊಗೆ ಉಗುಳುತ್ತ ಓಡುವ ಆ ಒಂದು ರೈಲಿಗಾಗಿ ರಾಯ್ ಮೂರು ರೈಲುಗಳನ್ನು ಚಿತ್ರಿಸಿದ್ದರು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ, ಕಂಡುಹಿಡಿಯಬಲ್ಲಿರಾ? ಹಿಂದಿನ ವಾರದ ಹೂವನ್ನು ದನ ತಿಂದರೂ, ರೀಲನ್ನು ಬೆಂಕಿ ತಿಂದರೂ, ಆ ಅಕ್ಕ-ತಮ್ಮ ಇನ್ನೂ ಅಲ್ಲಿ ಓಡುತ್ತಲೇ ಇದ್ದಾರೆ.